‘ಠ’ ಅಕ್ಷರದ ಕುದುರೆಗಳು

“ಠ ಎಲ್ಲಿ ಹೋದುವ್ರಿ?”

ಅಲ್ಮಾಸಬಿ ಮೊಳೆಪೆಟ್ಟಿಗೆಯ ಖಾಲಿ ಖಾನೆಯಲ್ಲಿ ಬೆರಳಾಡಿಸಿ ಕೇಳಿದಳು. ಬೆಟಗೇರಿಯ ಆ ಪುಟ್ಟ ಛಾಪಖಾನೆಯಲ್ಲಿ ಅಕ್ಷರದ ಸೀಸದ ಮೊಳೆ ಜೋಡಿಸುವವಳು ಅವಳು, ಯಂತ್ರ ತುಳಿಯುವವನು ಗಂಡ ಕರೀಮಸಾಬ. ಅವನು ಕಾಗದ ಕತ್ತರಿಸುವ ಮೇಜಿನ ಕಡೆ ನೋಡಿದ. ಮೇಜಿನ ತುಂಬ ಬೆರಳುದ್ದದ ಸೀಸದ ಸಿಪಾಯಿಗಳು. ಬಿಳಿ ಅಂಗಿ, ನೀಲಿ ಪ್ಯಾಂಟು. ಹಿಂದಿನ ಸಾಲಿನಲ್ಲಿ ಇನ್ನೂ ಬಣ್ಣ ಒಣಗದ ಬಿಳಿ ಕುದುರೆಗಳು.

“ಕುದುರಿ ಕಡಿಮಿ ಬಿದ್ದಿದ್ದುವು,” ಎಂದ ಕರೀಮಸಾಬ. “ಠ ಯಾರಿಗೆ ಬೇಕಾಗ್ತೈತಿ ಅಂತ ಕರಗಿಸಿಬಿಟ್ಟೆ.”

ಈ ಹುಚ್ಚು ಹತ್ತಿಸಿದವರು ಇತಿಹಾಸದ ಮಾಸ್ತರ ಫಕ್ಕೀರಯ್ಯ. ಹಡಗಿನಲ್ಲಿ ಕೆಲಸಕ್ಕಿದ್ದ ಅವರ ಭಾವಮೈದುನ ರಜೆಗೆ ಬಂದಾಗ ಒಂದು ಡಬ್ಬಿ ಪ್ರಷ್ಯದ, ಅಂದರೆ ಹಳೆಯ ಜರ್ಮನಿಯ, ಸಿಪಾಯಿಗಳನ್ನೂ, ಮೇಜಿನ ಮೇಲೆ ದಾಳ ಹಾಕಿ ಯುದ್ಧ ಆಡುವ ನಿಯಮದ ಪುಸ್ತಕವನ್ನೂ ತಂದುಕೊಟ್ಟಿದ್ದ. ಡಬ್ಬಿಯಲ್ಲಿ ಶತ್ರುಗಳಿರಲಿಲ್ಲ. ೧೮೬೬ರಲ್ಲಿ ಪ್ರಷ್ಯದವರು ಬಡಿದದ್ದು ಆಸ್ಟ್ರಿಯದವರನ್ನು. ಹಾಗಾಗಿ ಒಂದು ಆಸ್ಟ್ರಿಯ ಬೇಕು, ಮನೆಯಲ್ಲಿ ಸೀಸವಿರುವ ಗೆಳೆಯನೇ ಅದನ್ನು ಮಾಡಬೇಕು ಎಂದು ಮಾಸ್ತರರು ತೀರ್ಮಾನಿಸಿದರು. ಕರೀಮಸಾಬ ಮೊದಮೊದಲು ಸವೆದ ಮೊಳೆಗಳನ್ನಷ್ಟೇ ಕರಗಿಸಿದ. ಅವು ಕಾಲಾಳುಗಳಾದವು. ಆಮೇಲೆ ಋ, ಝ, ಞ ಹೋಗಿ ತೋಪುಗಳಾದವು. ಕುದುರೆಪಡೆಯ ಹೊತ್ತಿಗೆ ಅವನ ಕೈ ತಡೆಯುವವರು ಇರಲಿಲ್ಲ. ಅಲ್ಮಾಸಬಿ ಮಾಗಡಿಗೆ, ತವರಿಗೆ ಹೋಗಿದ್ದಳು.

ಅಷ್ಟರಲ್ಲಿ ಮಾಸ್ತರರೇ ಬಂದರು, ಕೈಯಲ್ಲಿ ಮಗಳ ಲಗ್ನಪತ್ರಿಕೆಯ ಕರಡು. ಅಲ್ಮಾಸಬಿ ಗಟ್ಟಿಯಾಗಿ ಓದಿದಳು. ಫಕ್ಕೀರಯ್ಯ ಹಿರೇಮಠ ಅವರ ಮಗಳು ಗಿರಿಜಾ. ವರ ಲಕ್ಷ್ಮೇಶ್ವರದ ಸಾಲಿಮಠರ ಮಗ. ಲಗ್ನ ಮುಂಡರಗಿಯಲ್ಲಿ, ಮಠದ ಬಯಲಿನಲ್ಲಿ. ಸುಖಾಗಮನ ಬಯಸುವವರು ಹಿರೇಮಠ, ಸಾಲಿಮಠ, ಗಚ್ಚಿನಮಠ, ಕಲ್ಮಠ.

ಕರೀಮಸಾಬ ಕರಡಿನ ಮೇಲೆ ಬಗ್ಗಿ ನೋಡಿದ. “ನಿಮ್ಮ ಅಡ್ಡಹೆಸರಿನಾಗ ಠ ಐತೇನ್ರಿ ಮಾಸ್ತರ?”

“ಇಷ್ಟು ವರ್ಷದ ದೋಸ್ತಿ, ನನ್ನ ಹೆಸರು ಗೊತ್ತಿಲ್ಲೇನಲೇ ನಿನಗ?”

“ನಾ ಮಾಸ್ತರ ಅಂತನ ಕರಕೋತ ಬಂದೇನ್ರಿ. ಅದರಾಗ ಠ ಇಲ್ಲ.”

ಗದಗಿನಲ್ಲಿ ಛಾಪಖಾನೆಗಳಿಗೇನು ಕೊರತೆಯಿಲ್ಲ. ಕರೀಮಸಾಬ ಸೈಕಲ್ಲು ಹತ್ತಿ ಒಂದೊಂದನ್ನೂ ಸುತ್ತಿದ. ಆದರೆ ಎಪ್ಪತ್ತೆಂಟರ ಆ ವೈಶಾಖದಲ್ಲಿ ಮುಹೂರ್ತದ ಮೇಲೆ ಮುಹೂರ್ತ. ಊರಿನ ಠಗಳೆಲ್ಲ ಬೇರೆ ಮಠಗಳ ಕೆಲಸದಲ್ಲಿ ಸಿಕ್ಕಿಕೊಂಡಿದ್ದವು. ಹೊಸ ಮೊಳೆ ತರಿಸಲು ವಾರ ಬೇಕು. ಪತ್ರಿಕೆ ಮರುದಿನವೇ ಅಂಚೆಗೆ ಬೀಳಬೇಕು. ಬೆವರೊರೆಸುತ್ತ ಅವನು ಮರಳಿ ಬಂದಾಗ ಮಾಸ್ತರರು ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರು. ಅಲ್ಮಾಸಬಿ ಮಾತ್ರ ಅರ್ಧ ಪತ್ರಿಕೆ ಜೋಡಿಸಿ ಮುಗಿಸಿದ್ದಳು.

“ಠ ಜಾಗಾಕ್ಕ ರ ಹಾಕೇನಿ,” ಎಂದಳು. “ಛಾಪ ಆದ ಮ್ಯಾಲ ಹೊಟ್ಟಿಯೊಳಗ ಪೆನ್ನಿನ್ಲೆ ಒಂದೊಂದು ಚುಕ್ಕಿ ಇಡ್ರಿ. ಠ ಆಕ್ಕೈತಿ.”

“ಯಾರು ಇಡಬೇಕು?” ಇಬ್ಬರೂ ಒಟ್ಟಿಗೇ ಕೇಳಿದರು.

“ಇವತ್ತ ಹ್ಯಾಂಗೂ ನಿಮ್ಮ ಲಡಾಯಿ ಐತೆಲ್ಲ. ಸೋತವರು ಇಡ್ರಿ.”

ಮಾಸ್ತರರ ಮುಖ ಅರಳಿತು. ಜರ್ಮನಿಯ ಏಕೀಕರಣವನ್ನು ಪಾಠ ಮಾಡಿಯೇ ತಲೆ ಬೆಳ್ಳಗಾಗಿಸಿಕೊಂಡವರು ಅವರು. “ಮಧ್ಯಾಹ್ನ ನಮ್ಮ ಪ್ರಷ್ಯದ ಯುವರಾಜನ ದಂಡು ಬರ್ತೈತಿ, ಸಂಜಿಗೆ ನೀ ಓಡ್ತಿ. ಬೋರ್ಡ್ ಪರೀಕ್ಷಾದಾಗ ಬಂದ ಪ್ರಶ್ನೆ ಇದು.”

ಆದರೆ ಯುವರಾಜನ ದಂಡು ಮೇಜು ಹತ್ತಲು ದಾಳದಲ್ಲಿ ಐದಾದರೂ ಬೀಳಬೇಕಿತ್ತು. ಮಾಸ್ತರರು ಹಾಕಿದರು, ಎರಡು ಬಿತ್ತು. ಕೈ ಮುಗಿದು ಹಾಕಿದರು, ಒಂದು ಬಿತ್ತು. ಯುವರಾಜ ಅಂಟಿನ ಡಬ್ಬಿಯ ಪಕ್ಕದಲ್ಲೇ ನಿಂತುಬಿಟ್ಟ. ಕರೀಮಸಾಬ ಕುದುರೆಗಳನ್ನೆಲ್ಲ ಒಮ್ಮೆಗೇ ನುಗ್ಗಿಸಿದ. ಬಣ್ಣ ಹಸಿಯಿತ್ತು, ಅವು ತಾಗಿದ ಪ್ರಷ್ಯದ ಸಿಪಾಯಿಗಳೆಲ್ಲ ಬೆಳ್ಳಗಾಗಿ ಮಗುಚಿ ಬಿದ್ದರು.

“ಹಿಂಗ ಆಗಿಲ್ಲಲೇ! ಇತಿಹಾಸದಾಗ ಹಿಂಗ ಆಗೇ ಇಲ್ಲ!”

“ಈಗ ಆತಲ್ರಿ.”

ಪತ್ರಿಕೆಗಳು ಛಾಪಾಗಿ ಬಂದ ಮೇಲೆ ಹೆಣ್ಣಿನ ತಂದೆ ಕೆಂಪು ಶಾಯಿಯ ಪೆನ್ನು ಹಿಡಿದು ಕುಳಿತರು. ಒಂದೊಂದು ಪತ್ರಿಕೆಯಲ್ಲೂ ಮಠದ ಮೇಲೆ ಮಠ. ಬೆನ್ನು ನೊಂದು ಕಣ್ಣು ಮಂಜಾಗಿ, ಒಂದು ಪತ್ರಿಕೆಯಲ್ಲಿ ಅವರ ಮಗಳು ಗಿಠಿಜಾ ಆದಳು. ಗೆಲುವಿನ ಮೀಸೆ ತಿರುವುತ್ತ ನೋಡುತ್ತಿದ್ದ ಕರೀಮಸಾಬನಿಗೆ ಅದನ್ನು ಕಂಡು ತಡೆಯಲಾಗಲಿಲ್ಲ. “ಸರೀರಿ ಅತ್ತಾಗ,” ಎಂದು ಇನ್ನೊಂದು ಪೆನ್ನು ತಂದು ಪಕ್ಕದಲ್ಲಿ ಕುಳಿತ. ಯುವರಾಜ ಬಂದಿದ್ದರೆ ಏನಾಗುತ್ತಿತ್ತು ಎಂಬ ಮಾತು ಶುರುವಾಯಿತು. ಮಾತು ಜಗಳವಾಯಿತು. ಆ ಜಗಳದಲ್ಲಿ ಒಂದು ಕಟ್ಟು ಪತ್ರಿಕೆ ಚುಕ್ಕಿಯಿಲ್ಲದೆಯೇ ಅಂಚೆಗೆ ಹೋಯಿತು.

ಲಗ್ನದ ದಿನ ಅಕ್ಷತೆ ಬಿದ್ದು ಜನ ಊಟಕ್ಕೆ ಏಳುತ್ತಿದ್ದಾಗ, ಡೋಣಿಯ ಫಾರೆಸ್ಟ್ ಗಾರ್ಡ್ ಹೇಮಪ್ಪ ಖಾಕಿ ಬಟ್ಟೆಯಲ್ಲಿ ಸೈಕಲ್ಲಿನಿಂದ ಇಳಿದ. ಮಾಸ್ತರರ ಹಳೆಯ ವಿದ್ಯಾರ್ಥಿ ಅವನು. ಸೈಕಲ್ಲಿನ ಹಿಂದೆ ಎರಡು ಬೇವಿನ ಸಸಿಗಳಿದ್ದವು.

“ಎಲ್ಲಿ ಹಚ್ಚೂನ್ರಿ ಸರ?”

“ಏನ ಹಚ್ಚೂದೋ?”

ಹೇಮಪ್ಪ ಜೇಬಿನಿಂದ ಪತ್ರಿಕೆ ತೆಗೆದು ತೋರಿಸಿದ. ಮೇಲುಗಡೆ ದಪ್ಪಕ್ಷರದಲ್ಲಿ ‘ಹಿರೇಮರ–ಸಾಲಿಮರ ಪರಿವಾರದ ಆಮಂತ್ರಣ’ ಎಂದಿತ್ತು. “ಗಿಡ ಹಚ್ಚೂ ಕಾರ್ಯಕ್ರಮ ಅಂತ ತಿಳದೇನ್ರಿ.”

“ಕೆಳಗ ಓದಲಿಲ್ಲೇನು?”

“ಇಲಾಖೆದಾಗ ಮ್ಯಾಲಿನ ಸಾಲಷ್ಟ ಓದೂದು ರೂಢಿರಿ ಸರ.”

ಮಾಸ್ತರರು ಕರೀಮಸಾಬನನ್ನು ನೋಡಿದರು. ಕರೀಮಸಾಬ ನೆಲ ನೋಡಿದ. ಬಾಸಿಂಗದ ಹಿಂದೆ ಗಿರಿಜಾ ಕಿಸಕ್ಕನೆ ನಕ್ಕಳು. “ಸಸಿ ಛಲೋ ಅದಾವಪ್ಪಾ, ಬಾಡೂದರಾಗ ಹಚ್ಚಿಬಿಡೂಣು,” ಎಂದಳು.

ಊಟದ ಪಂಕ್ತಿ ಸ್ವಲ್ಪ ಹೊತ್ತು ಕಾಯಬೇಕಾಯಿತು. ಬಯಲಿನ ಅಂಚಿನಲ್ಲಿ ಆಸ್ಟ್ರಿಯದ ಸೇನಾಪತಿ ತೋಳೇರಿಸಿ ತಗ್ಗು ತೋಡುತ್ತಿದ್ದ. ಪ್ರಷ್ಯದ ಸೇನಾಪತಿ ರೇಶ್ಮೆಯ ಮಡಿಯಲ್ಲಿ ನೀರಿನ ಕೊಡ ಹಿಡಿದು, ಅವನ ಹಿಂದೆ ನಿಂತಿದ್ದರು.