ಬಾಗಿಲು ತೆಗೆಯುವ ಹೊತ್ತು

ಹಾಟ್ ಯೋಗಕ್ಕೆಂದು ಬಿಸಿ ಮಾಡಿದ ಕೋಣೆಯ ಬಾಗಿಲನ್ನು ಟೀಚರ್ ಎಳೆದು ಮುಚ್ಚಿದಾಗ, ಮೂಲೆಯ ಚಾಪೆಯ ಮೇಲೆ ನಿಂತಿದ್ದ ಮುದುಕನ ತುಟಿ ತಾನಾಗಿಯೇ ಅಲುಗಿತು: "ಇನ್ನು ನಿನಗೆ ಬಿಟ್ಟಿದ್ದು."

ಮಾತು ದೇವರಿಗೆ. ಮೂವತ್ತೆಂಟು ವರ್ಷ ತನ್ನ ಬೇಕರಿಯ ಒಲೆಯ ಮುಂದೆ ನಿಂತು ಹೇಳಿಕೊಂಡು ಬಂದದ್ದು. ಬ್ರೆಡ್ಡಿನ ಅಚ್ಚುಗಳನ್ನು ಉದ್ದ ಹಿಡಿಯ ಮರದ ಸಲಿಕೆಯಿಂದ ಒಳಗೆ ತಳ್ಳಿ, ಕಬ್ಬಿಣದ ಬಾಗಿಲು ಮುಚ್ಚಿ, ಅಷ್ಟು ಹೇಳಿದರೆ ಮುಗಿಯಿತು. ಆಮೇಲೆ ಅವನು ಹಿಟ್ಟು ನಾದುತ್ತಿರಲಿ, ಯಾರ ಜೊತೆಗಾದರೂ ಹರಟೆ ಹೊಡೆಯುತ್ತಿರಲಿ, ಮುಕ್ಕಾಲು ಗಂಟೆಗೆ ಸರಿಯಾಗಿ ಯಾರೋ ಬೆನ್ನು ತಟ್ಟಿದ ಹಾಗೆ ಎದ್ದು ಹೋಗಿ ಬಾಗಿಲು ತೆಗೆಯುತ್ತಿದ್ದ. ಗೋಡೆಗೆ ಗಡಿಯಾರ ಹಾಕಲು ಬಿಟ್ಟವನಲ್ಲ. ತಟ್ಟುವವನು ಯಾರೆಂದು ಅವನಿಗೆ ಗೊತ್ತಿತ್ತು. ಆದರೆ ಈ ವರ್ಷ ಒಂದು ಬೆಳಿಗ್ಗೆ ಯಾರೂ ತಟ್ಟಲಿಲ್ಲ. ಒಲೆ ತುಂಬ ಬ್ರೆಡ್ಡು ಕರಿಕಲಾಯಿತು. ವಾರ ಕಳೆದು ಇನ್ನೊಮ್ಮೆ ಹಾಗೇ ಆಯಿತು. ಸಲಿಕೆಯನ್ನು ಮಗಳ ಕೈಗೆ ಕೊಟ್ಟು ಮನೆಗೆ ಬಂದು ಕೂತವನು ನಾಲ್ಕು ತಿಂಗಳಿಂದ ಬೇಕರಿಯ ಹೊಸ್ತಿಲು ತುಳಿದಿರಲಿಲ್ಲ. ಕೆಲಸವಿಲ್ಲದ ಭುಜ ತುಕ್ಕು ಹಿಡಿದ ಚಿಲಕದ ಹಾಗೆ ಬಿಗಿದುಕೊಂಡಿತು. ಅದಕ್ಕೇ ಮಗಳು ಇವತ್ತು ಇಲ್ಲಿಗೆ ಎಳೆದು ತಂದಿದ್ದಳು.

"ಸೆಕೆ ತಡೀತೀಯಾ ಅಪ್ಪ?" ಪಕ್ಕದ ಚಾಪೆಯಿಂದ ಅವಳು ಪಿಸುಗುಟ್ಟಿದಳು.

"ಇದು ಸೆಕೆ ಅಂದ್ರೆ ನಮ್ಮ ಒಲೆ ನಗುತ್ತೆ ಕಣಮ್ಮ. ಇಷ್ಟರಲ್ಲಿ ಹಿಟ್ಟು ಉಬ್ಬುತ್ತೆ ಅಷ್ಟೆ, ಬೇಯಲ್ಲ."

ಕೈ ಮೇಲೆತ್ತಿ ಎಂದಳು ಟೀಚರ್. ಅವನ ಬಲಗೈ ಕಿವಿಯವರೆಗೆ ಹೋಗಿ ನಿಂತಿತು. ಒಂಟಿ ಕಾಲಲ್ಲಿ ನಿಲ್ಲಿ ಎಂದಳು. ನಿಂತ, ವಾಲಿದ, ಮತ್ತೆ ನಿಂತ. ಗೋಡೆಯುದ್ದದ ಕನ್ನಡಿ ಮಬ್ಬಾಗಿ ಮುಖಗಳೆಲ್ಲ ಕರಗಿಹೋದವು. ಮುಂದಿನ ಸಾಲಿನ ದಪ್ಪ ಗುಮಾಸ್ತ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಹಿಂದಕ್ಕೆ ತಿರುಗಿದ.

"ಏನ್ ಯಜಮಾನರೇ, ನಾನಿಲ್ಲಿ ನೀರಾಗಿ ಹರೀತಿದ್ದೀನಿ, ನಿಮಗೆ ಒಂದು ಹನಿ ಬೆವರೂ ಇಲ್ವಲ್ಲ?"

"ನನ್ನ ಪಾಲಿನ ಬೆವರೆಲ್ಲ ಯಾವತ್ತೋ ಸುರಿದುಬಿಟ್ಟಿದ್ದೀನಿ ಸ್ವಾಮಿ. ಉಳಿದದ್ದು ಒಣ ಮೈ."

"ಮಾತು ಬೇಡ ಅಂಕಲ್, ಉಸಿರಿನ ಕಡೆ ಗಮನ ಕೊಡಿ," ಎಂದಳು ಟೀಚರ್. ಮಗಳ ವಯಸ್ಸಿನವಳು. ಮುದುಕ ಶಾಲೆಯ ಹುಡುಗನ ಹಾಗೆ ಬಾಯಿ ಮುಚ್ಚಿಕೊಂಡ.

ನಿಂತು ಮಾಡುವುದೆಲ್ಲ ಮುಗಿದ ಮೇಲೆ ಅಂಗಾತ ಮಲಗಲು ಹೇಳಿದಳು. ಕಣ್ಣು ಮುಚ್ಚಿ, ಏನನ್ನೂ ಯೋಚಿಸಬೇಡಿ. ಹದಿನೆಂಟು ಜನ ಸಾಲಾಗಿ ಮಲಗಿದರು. ಒದ್ದೆ ಚಾಪೆಯ ವಾಸನೆ, ಮೇಲಿನಿಂದ ಇಳಿಯುವ ಕಾವು, ಉಸಿರಿನ ಸದ್ದು. ಮುದುಕ ಭುಜವನ್ನು ಮರೆತ, ತಿಂಗಳುಗಳನ್ನು ಮರೆತ, ಎಲ್ಲಿ ಮಲಗಿದ್ದೇನೆ ಎಂಬುದನ್ನೂ ಮರೆತ. ಅವನ ಬೆನ್ನಿಗೂ ನೆಲಕ್ಕೂ ನಡುವೆ ಗಾಳಿ ಆಡುವಷ್ಟೂ ಜಾಗವಿರಲಿಲ್ಲ. ಆದರೂ ಯಾರೋ ತಟ್ಟಿದರು.

ಎದ್ದ. ಚಾಪೆಗಳ ನಡುವೆ ಸರಸರನೆ ನಡೆದು ಹೋಗಿ, ಬಾಗಿಲನ್ನು ಎರಡೂ ಕೈಯಿಂದ ಪೂರಾ ತೆರೆದುಬಿಟ್ಟ. ಹೊರಗಿನ ತಣ್ಣನೆ ಗಾಳಿ ಭರ್ರನೆ ಒಳಗೆ ನುಗ್ಗಿತು.

"ಸಾಕು, ತೆಗೀರಿ! ಇನ್ನೊಂದು ಚೂರು ಬಿಟ್ರೆ ತಳ ಹಿಡಿಯುತ್ತೆ!"

ಹದಿನೇಳು ತಲೆಗಳು ಮೇಲೆದ್ದವು. ಒಬ್ಬಿಬ್ಬರು ಕಿಸಕ್ಕನೆ ನಕ್ಕರು.

"ಅಂಕಲ್, ಏನಿದು? ಕಾವೆಲ್ಲ ಹೊರಗೆ ಹೋಯ್ತಲ್ಲ! ಕ್ಲಾಸ್ ಮುಗಿಯೋಕೆ ಇನ್ನೂ ಕಾಲು ಗಂಟೆ ಇದೆ."

ಮುದುಕನಿಗೆ ಆಗ ಎಚ್ಚರವಾಯಿತು. ಬಾಗಿಲು ಹಿಡಿದಿದ್ದ ತನ್ನ ಕೈಗಳನ್ನೇ ನೋಡಿದ. "ತಪ್ಪಾಯ್ತಮ್ಮ," ಎಂದು ಮೆಲ್ಲಗೆ ಬಾಗಿಲು ಮುಚ್ಚಿದ. ಚಾಪೆಗೆ ಬಂದು ಮಗಳ ಕಡೆ ಬಗ್ಗಿದ. "ನೋಡಿದ್ಯಾ? ಕಾಲು ಗಂಟೆ ಮೊದಲೇ ಎದ್ದೆ. ನಾನು ಅಂದಿರಲಿಲ್ವಾ, ಒಳಗಿನ ಲೆಕ್ಕ ಪೂರ್ತಿ ಕೆಟ್ಟುಹೋಗಿದೆ. ಇನ್ಮೇಲೆ ಆ ಒಲೆ ಸುದ್ದಿ ನನ್ನ ಹತ್ರ ಎತ್ತಬೇಡ."

ಮಗಳು ಅವನನ್ನು ನೋಡುತ್ತಿರಲಿಲ್ಲ. ಮಣಿಕಟ್ಟಿನ ಗಡಿಯಾರ ನೋಡುತ್ತಿದ್ದಳು. ಅಪ್ಪ ಸಲಿಕೆ ಕೊಟ್ಟ ದಿನ ಕಟ್ಟಿಕೊಂಡದ್ದು ಅದು. ಅದನ್ನು ಹತ್ತು ಸಲ ನೋಡದೆ ಅವಳು ಒಲೆಯ ಬಾಗಿಲು ಮುಟ್ಟುತ್ತಿರಲಿಲ್ಲ.

"ಟೀಚರ್, ಬಾಗಿಲು ಮುಚ್ಚಿದ್ದು ಎಷ್ಟು ಹೊತ್ತಿಗೆ?"

"ಆರಕ್ಕೆ ಸರಿಯಾಗಿ. ಯಾಕೆ?"

ಅವಳು ಮಣಿಕಟ್ಟನ್ನು ಅಪ್ಪನ ಮುಖದ ಮುಂದೆ ಹಿಡಿದಳು.

"ಕನ್ನಡಕ ಎಲ್ಲಿದೆ ನನ್ನ ಹತ್ರ? ನೀನೇ ಹೇಳು."

"ಆರೂ ಮುಕ್ಕಾಲು, ಅಪ್ಪ."

ಮುದುಕ ತಿರುಗಿ, ತಾನೇ ಮುಚ್ಚಿ ಬಂದ ಬಾಗಿಲನ್ನು ನೋಡಿದ.

"ಹಾಗಾದ್ರೆ ಯಜಮಾನರೇ, ನಾವೆಲ್ಲ ಬೆಂದ್ವೋ ಇಲ್ವೋ?" ಗುಮಾಸ್ತ ಮಲಗಿದ್ದಲ್ಲಿಂದಲೇ ಕೇಳಿದ.

"ನೀವಿನ್ನೂ ಹಸಿ," ಎಂದ ಮುದುಕ. ಅಂದು ಸಂಜೆ ಮೊದಲ ಸಲ ಅವನ ಹಣೆಯ ಮೇಲೆ ಬೆವರು ಕಾಣಿಸಿತು.

ಮಗಳು ಗಡಿಯಾರದ ಪಟ್ಟಿ ಬಿಚ್ಚಿ, ಗೋಡೆಯ ಬದಿಗಿದ್ದ ಚೀಲದ ತಳಕ್ಕೆ ತಳ್ಳಿದಳು.

"ಯಾಕಮ್ಮ ಬಿಚ್ಚಿದೆ?"

"ಬೆವರಿಗೆ ಕೆರೀತಿತ್ತು," ಎಂದು ಅವಳು ಮಲಗಿ ಕಣ್ಣು ಮುಚ್ಚಿದಳು. ಚಾಪೆಯ ಮೇಲೆ ಚಾಚಿದ ಕೈಯಲ್ಲಿ, ಪಟ್ಟಿ ಇದ್ದ ಜಾಗ ನಾಲ್ಕು ತಿಂಗಳಷ್ಟು ಬೆಳ್ಳಗಿತ್ತು.