ನೊಗದ ಎರಡು ತುದಿ

"ಸೂಜಿ ಮಾಡಿದವ್ರ ಹೆಸ್ರು ಹೇಳ್ರಿ ಹುಚ್ಚೀರಪ್ಪ. ಔಷಧಿ ಎಲ್ಲಿಂದ ಬಂತು ಅನ್ನೋದೂ ಹೇಳ್ರಿ," ಎಂದರು ಪಶುವೈದ್ಯೆ ಶೈಲಜಾ, ಅಂಗಳದಲ್ಲಿ ನಿಂತೇ.

ದನಗಳ ಮೈ ಉಬ್ಬಿಸುವ ನಿಷೇಧಿತ ಔಷಧಿಗಳ ಮೇಲೆ ಸರ್ಕಾರ ಕಣ್ಣಿಟ್ಟಿತ್ತು. ಚೀಟಿ ಎತ್ತಿ ಓಣಿಗೊಂದು ಜಾನುವಾರಿನ ಪರೀಕ್ಷೆ. ಈ ಓಣಿಯಲ್ಲಿ ಚೀಟಿ ಬಂದದ್ದು ಹುಚ್ಚೀರಪ್ಪನ ಎತ್ತಿಗೆ. ಮೂತ್ರದಲ್ಲಿ ಔಷಧಿ ಸಿಕ್ಕಿತ್ತು; ಸೂಜಿಯಿಂದಲ್ಲದೆ ಬೇರೆ ದಾರಿಯಲ್ಲಿ ಕೊಡಲಾಗದ ಔಷಧಿ.

"ಗವಿಸಿದ್ದಪ್ಪಜ್ಜನ ಆಣಿ ಮೇಡಂ, ನನ್ನೆತ್ತಿನ ಮೈಗೆ ಸೂಜಿ ತಾಗಿಲ್ರಿ."

"ಎಲ್ಲಾರೂ ಹಿಂಗ ಅಂತಾರ್ರಿ."

ಎಲ್ಲರೂ ಹಾಗೆ ಅನ್ನುವುದು ನಿಜವೇ. ಆದರೆ ಹುಚ್ಚೀರಪ್ಪನ ಕಣ್ಣಲ್ಲಿ ನೀರು ಬಂದಿತ್ತು; ಅದು ಎಲ್ಲರಿಗೂ ಬರುವುದಿಲ್ಲ. ಎತ್ತನ್ನು ಮಾರುವಂತಿಲ್ಲ, ಕೇಸು ಬೇರೆ, ಎಂದು ಹೇಳಿ ಶೈಲಜಾ ಜೀಪು ಹತ್ತಿದರು. ಶ್ರೀರಾಮನಗರದ ಗದ್ದೆಯವನೊಬ್ಬ ಜೋಡಿಯನ್ನೇ ಕೊಳ್ಳುತ್ತೇನೆಂದು ಮಾತಾಡಿ ಹೋಗಿದ್ದ. ಇನ್ನು ಅವನು ಈ ಕಡೆ ತಲೆ ಹಾಕುವುದಿಲ್ಲ.

ಜೋಡಿಯಲ್ಲಿ ಒಂದೆತ್ತು ಹುಚ್ಚೀರಪ್ಪನದು, ಇನ್ನೊಂದು ಪಕ್ಕದ ಮನೆಯ ಮಕ್ಬುಲಸಾಬನದು. ಇಬ್ಬರಿಗೂ ಒಂದೊಂದೇ ಎತ್ತು, ನೊಗ ಒಂದೇ, ಕೊಟ್ಟಿಗೆಯೂ ಒಂದೇ. ಉಳುಮೆ ಸರದಿಯ ಮೇಲೆ. ಇಂಥ ಜೋಡಿಯಲ್ಲಿ ಒಂದು ದಪ್ಪಗಾದರೆ ಇನ್ನೊಂದೂ ಆಗಲೇಬೇಕು. ಇಲ್ಲವಾದರೆ ನೊಗ ವಾಲುತ್ತದೆ, ಓಣಿ ನಗುತ್ತದೆ. ಈ ವರ್ಷ ಮಕ್ಬುಲಸಾಬನ ಎತ್ತು ಎದ್ದು ಕಾಣುತ್ತಿತ್ತು. "ಮೇವು, ಹಿಂಡಿ, ಮ್ಯಾಲ ದೇವರ ದಯಾ. ಅಷ್ಟ," ಎನ್ನುತ್ತಿದ್ದ ಅವನು. ಹುಚ್ಚೀರಪ್ಪ ನಂಬಿದ್ದ. ಒಡಹುಟ್ಟಿದವರನ್ನೂ ಅವನು ಅಷ್ಟು ನಂಬಿದವನಲ್ಲ.

ಪರೀಕ್ಷೆಯ ದಿನ ಚೀಟಿ ಬಂದ ಎತ್ತು ಮಧ್ಯಾಹ್ನವಾದರೂ ಉಚ್ಚೆ ಹೊಯ್ದಿರಲಿಲ್ಲ. ಕಾದು ಬೇಸತ್ತ ಶೈಲಜಾ ಬಾಟಲಿಯನ್ನು ಹುಚ್ಚೀರಪ್ಪನ ಕೈಗೆ ಕೊಟ್ಟು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದರು. ಅವನೇ ತುಂಬಿಸಿ ತಂದ. ಅವರು ಅಲ್ಲೇ ಅರಗು ಹಾಕಿದರು. ಮಕ್ಬುಲಸಾಬ ಆಗ ಕುಷ್ಟಗಿ ಸಂತೆಯಲ್ಲಿದ್ದ.

ಈಗ ಜೀಪಿನ ಧೂಳು ಅಡಗುವ ಮೊದಲೇ ಹುಚ್ಚೀರಪ್ಪ ಕೊಟ್ಟಿಗೆಗೆ ನಡೆದ. ಮಕ್ಬುಲಸಾಬ ತನ್ನ ಎತ್ತಿನ ಮೈ ತಿಕ್ಕುತ್ತಿದ್ದ.

"ಸೂಜಿ ಚುಚ್ಚಿದಾವ ನೀನ ಏನೋ?"

ತಿಕ್ಕುವ ಕೈ ನಿಂತಿತು. "ತಲಿ ಕೆಟ್ಟೈತೇನ ದೋಸ್ತ? ಅಲ್ಲಾನ ಆಣಿ, ನಿನ್ನೆತ್ತಿಗೆ ನಾ ಏನೂ ಮಾಡಿಲ್ಲ."

"ನನ್ನೆತ್ತಿಗೆ ಅಂತ ನಾ ಎಲ್ಲಿ ಅಂದೆ?"

ಮಕ್ಬುಲಸಾಬನ ಅಂಗೈ ತನ್ನ ಎತ್ತಿನ ಕುತ್ತಿಗೆಯ ಮೇಲಿದ್ದ ಒಂದು ಗಂಟನ್ನು ಮೆಲ್ಲಗೆ ಮುಚ್ಚಿಕೊಂಡಿತು.

"ನಿನ್ನ ನಂಬಿದ್ನಲ್ಲೋ ಮಕ್ಬುಲಾ," ಎಂದ ಹುಚ್ಚೀರಪ್ಪ. ಅದಕ್ಕಿಂತ ಹೆಚ್ಚಿಗೆ ಓಣಿಯ ಮುಂದೆಯೂ ಹೇಳುವಂತಿರಲಿಲ್ಲ, ಶೈಲಜಾರ ಮುಂದೆಯೂ ಹೇಳುವಂತಿರಲಿಲ್ಲ.

ತನ್ನ ಎತ್ತಿಗೆ ಹುಚ್ಚೀರಪ್ಪ ತಿನ್ನಿಸುತ್ತಿದ್ದುದು ಹಿಂಡಿಯಲ್ಲಿ ಕಲಸಿದ, ಮೈ ಉಬ್ಬಿಸುವ ಪುಡಿ. ಅದು ಸಿಕ್ಕಿಬೀಳಬಾರದೆಂದೇ ಆ ಮಧ್ಯಾಹ್ನ ಅವನು ಬಾಟಲಿ ಹಿಡಿದದ್ದು ಮಕ್ಬುಲಸಾಬನ ಎತ್ತಿನ ಕೆಳಗೆ.