ಎಲೆಯಡಿಕೆಯ ಕೆಂಪು

ಚೀನಾದ ಆ ಬೇರು ಬಂದಾಗಿನಿಂದ ಹೆಂಡ ಕುಡಿಯುವವರ ಯಕೃತ್ತು ಕೆಡುವುದಿಲ್ಲ. ಅವರ ಹೆಸರಿನಲ್ಲಿ ಬೇರಿನ ಕಷಾಯ ಕುಡಿದ ಮನೆಮಂದಿಯದು ಕೆಡುತ್ತದೆ. ಮಗ ಮಹಾಂತನಿಗಾಗಿ ಸಂಗವ್ವ ಆರು ವರ್ಷದಿಂದ ಕುಡಿಯುತ್ತಿದ್ದಳು, ತೀರ್ಥದಂತೆ, ಕಣ್ಣು ಮುಚ್ಚಿ.

“ಮಗ ಹ್ಯಾಂಗದಾನ?” ಎಂದಳು ಬೇರು ಕೊಡುವ ಲೀ ಡಾಕ್ಟರಮ್ಮ.

“ಗುಂಡಕಲ್ಲಿನಂಗ ಅದಾನ್ರಿ.”

“ನಾಲಿಗಿ ತೋರಸ್ರಿ. ಮತ್ತ ಎಲಿ ಹಾಕ್ಕೊಂಡ್ ಬಂದೀರಿ? ಮೋಸ ಮಾಡೂದು ಯಾರಿಗೆ, ನನಗೋ ಯಮಗೋ?”

ಬಾಯಿ ಮುಕ್ಕಳಿಸಿದಾಗ ಎಲೆಯಡಿಕೆಯ ಕೆಂಪು ಹೋಗಿ, ಯಕೃತ್ತು ಕೆಟ್ಟವರಿಗೆ ಬರುವ ನಾಲಿಗೆಯ ಕಪ್ಪು ಕಂಡಿತು.

“ಇನ್ನ ನಿಮಗ ಕೊಡೂದಿಲ್ಲ. ಸೊಸಿ ಕುಡೀಲಿ.”

“ಅಕಿ ಬಸುರಿ ಅದಾಳ್ರಿ! ಹೊಟ್ಟ್ಯಾಗಿನ ಕೂಸಿಗೂ ಇಳೀತದ. ನಾ ಇರೂತನಕ ಅಕಿ ಅದನ್ನ ಮುಟ್ಟಬಾರದು.”

ಪಕ್ಕದಲ್ಲಿ ಕೂತಿದ್ದ ಸೊಸೆ ನೀಲಾ, “ಅತ್ತೀ, ಸಿಟ್ಟಾಗಬ್ಯಾಡ್ರಿ,” ಎಂದಳು.

ಸಂಗವ್ವ ತಿರುಗಿ ನೋಡಿದಳು. ದಿನಾ ಕಷಾಯ ಕುದಿಸಿ ಕೊಡುತ್ತಿದ್ದವಳು ನೀಲಾ. ಈಚೆಗೆ ಲೋಟ ಅರ್ಧವೇ ತುಂಬಿರುತ್ತಿತ್ತು. ಒಲೆಯ ಮೇಲೆ ಬತ್ತಿರಬೇಕು ಅಂದುಕೊಂಡಿದ್ದಳು. ಎಂದೂ ಎಲೆಯಡಿಕೆ ಮುಟ್ಟದ ಸೊಸೆಯ ಬಾಯಿ ಇವತ್ತು ಕೆಂಪಗಿತ್ತು.

ಸಂಗವ್ವ ನೀರಿನ ತಂಬಿಗೆಯನ್ನು ಅವಳತ್ತ ಚಾಚಿದಳು.

“ಮುಕ್ಕಳಸವ್ವಾ. ನೋಡೂಣು.”